ಸಮುದ್ರವಾದ ಪಾಯಸ

ತಿರುವನಂತಪುರದ ಆ ಅನಿಮೇಶನ್ ಕಂಪನಿಯಲ್ಲಿ ನೀರು, ಹಾಲು, ಎಣ್ಣೆ, ರಕ್ತ ಏನೇ ಹರಿಯಬೇಕಿದ್ದರೂ ಅದು ಪ್ರಸೀತಳ ಕಂಪ್ಯೂಟರಿನಲ್ಲೇ ಹರಿಯಬೇಕು. ಊಟಕ್ಕೆ ಕೂತರೂ ಅವಳಿಗೆ ಅದೇ ಧ್ಯಾನ. ಸಾಂಬಾರನ್ನು ಸೌಟಿನಿಂದ ಮೂರು ಸಲ ಎತ್ತಿ ಸುರಿದು ನೋಡದೆ ಬಡಿಸಿಕೊಂಡವಳಲ್ಲ. ಮಗಳಿಗೆ ಬಾಳೆಕಾಯಿ ಹಿಟ್ಟಿನ ಗಂಜಿ ಉಣಿಸುವಾಗ ಚಮಚ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಹನಿ ಹೇಗೆ ಬೀಳುತ್ತದೆಂದು ತಾಯಿ ನೋಡುತ್ತಿದ್ದರೆ ಕೂಸು ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ಇಂಥವಳಿಗೆ ಓಣಂ ಜಾಹೀರಾತಿನ ಪಾಯಸ ಕೈಕೊಟ್ಟಿತು. ಬಾಳೆಲೆಯಲ್ಲಿ ಹೋಳಿಗೆ, ಅದರ ಮೇಲೆ ಒಂದು ಸೌಟು ಹಾಲುಪಾಯಸ ಬೀಳಬೇಕು, ಹೋಳಿಗೆ ನೆನೆಯಬೇಕು. ಆರು ಸೆಕೆಂಡಿನ ಕೆಲಸ. ಆದರೆ ಪರದೆಯ ಮೇಲೆ ಪಾಯಸ ಅಲೆಅಲೆಯಾಗಿ ಎದ್ದು ಹೋಳಿಗೆಗೆ ಅಪ್ಪಳಿಸಿ ನೊರೆ ಕಾರುತ್ತಿತ್ತು.

"ಏನಮ್ಮಾ ಇದು, ಓಣಂ ಊಟಾನೋ ಶಂಖುಮುಖಂ ಕಡಲೋ?" ಎಂದರು ಮೇಲ್ವಿಚಾರಕ ಉಣ್ಣಿತ್ತಾನ್ ಸಾರ್. "ಬಡಿಸೋರಿಗೆ ದೋಣಿ ಕೊಡಬೇಕಾ?"

"ಇನ್ನೂ ಸ್ವಲ್ಪ ಗಟ್ಟಿ ಮಾಡ್ತೀನಿ ಸಾರ್."

"ನಾಲ್ಕು ದಿನದಿಂದ ಗಟ್ಟಿ ಮಾಡ್ತಾನೇ ಇದೀಯ. ನಾಳೆ ಮಧ್ಯಾಹ್ನದೊಳಗೆ ಆಗದಿದ್ರೆ ಇದು ಚೆನ್ನೈ ಕಂಪನಿಯೋರಿಗೆ ಹೋಗುತ್ತೆ. ನಮ್ಮೂರಲ್ಲಿ ಹೋಳಿಗೆ ಮೇಲೆ ಪಾಯಸ ಹುಯ್ಕೋತೀವಿ ಅಂದ್ರೆ ನಗೋ ಜನದ ಕೈಗೆ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಸಂಜೆ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಪಾಯಸವನ್ನು ಮತ್ತಷ್ಟು ಗಟ್ಟಿ ಮಾಡಿದಳು. ಅಲೆ ತಗ್ಗಿತು ನಿಜ, ಆದರೆ ಈಗ ಅದು ರಸ್ತೆಗೆ ಹಾಕುವ ಡಾಂಬರಿನ ಹಾಗೆ ಬಿತ್ತು. ಮೂವತ್ತು ವರ್ಷ ಮದುವೆಯೂಟದ ಪಂಕ್ತಿಗಳಲ್ಲಿ ಬಡಿಸಿದ್ದ ಅತ್ತೆ ಭಾರ್ಗವಿಯಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದು ಇಣುಕಿದರು.

"ಮಗಳೇ, ನೀನು ಎಲ್ಲಿ ನಿಂತು ಬಡಿಸ್ತಿದೀಯ? ತೆಂಗಿನಮರದ ಮೇಲಾ?"

"ಸೌಟು ಎಲೆ ಹತ್ರಾನೇ ಇದೆಯಲ್ಲಮ್ಮಾ."

"ಮತ್ತೆ ಬೀಳೋಕೆ ಇಷ್ಟು ಹೊತ್ತು ಯಾಕೆ? ನಾನು ಸೌಟು ಬಗ್ಗಿಸಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಎಲೆ ಮೇಲಿರುತ್ತೆ. ನಿನ್ನ ಪಾಯಸ ಇಳಿಯೋವಷ್ಟರಲ್ಲಿ ಉಣ್ಣೋನು ಕೈ ತೊಳ್ಕೊಂಡು ಹೋಗಿರ್ತಾನೆ."

ನಗಲು ಹೊರಟ ಪ್ರಸೀತ ಅರ್ಧಕ್ಕೇ ನಿಲ್ಲಿಸಿದಳು. ಎಲೆಯ ಅಳತೆ ತೆಗೆದು ನೋಡಿದಳು. ಅರವತ್ತು ಸೆಂಟಿಮೀಟರ್ ಇರಬೇಕಾದ ಎಲೆ ಕಂಪ್ಯೂಟರಿನ ಲೆಕ್ಕದಲ್ಲಿ ಅರವತ್ತು ಮೀಟರ್ ಉದ್ದವಿತ್ತು. ಸೌಟು ಆರಂತಸ್ತಿನ ಮನೆಯಷ್ಟು ಎತ್ತರದಲ್ಲಿತ್ತು. ಅಷ್ಟು ಮೇಲಿಂದ ಅಷ್ಟೊಂದು ಸುರಿದರೆ ಯಾವ ಪಾಯಸವಾದರೂ ಕಡಲೇ. ಎಲೆ ಮಾಡಿದ ಪುಣ್ಯಾತ್ಮರನ್ನು ಬೈಯೋಣವೆಂದರೆ, ಮಾಡಿದವಳೂ ಅವಳೇ.

ಎಲ್ಲವನ್ನೂ ಕುಗ್ಗಿಸಿದಳು. ಪಾಯಸವನ್ನು ಮೊದಲಿನ ಹದಕ್ಕೆ ತಂದಳು.

ಮರುದಿನ ಉಣ್ಣಿತ್ತಾನ್ ಸಾರ್ ನೋಡಿದರು. ಪಾಯಸ ಸೌಟಿನಂಚಿನಿಂದ ಜಾರಿ, ಹೋಳಿಗೆಯ ಮೇಲೆ ಹರಡಿ, ಅಂಚಿನಲ್ಲಿ ಒಂದು ಕ್ಷಣ ತಡೆದು, ಎಲೆಗಿಳಿಯಿತು. ಅವರು ಮೂರು ಸಲ ನೋಡಿದರು. ಪ್ರಸೀತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ಚೆನ್ನೈಯೋರಿಗೆ ಬೇಡ ಅಂತ ಹೇಳ್ಬಿಡ್ತೀನಿ," ಎಂದರು ಕೊನೆಗೆ. "ಆದ್ರೆ ಇದೇನು, ಹಬ್ಬದ ದಿನ ಇಷ್ಟೇ ಇಷ್ಟಾ ಬಡಿಸೋದು? ಇನ್ನೊಂದು ಸೌಟು ಹಾಕು."