ಒಂಟೆಯ ಹೊರೆ, ಜುಬೈದಾ ತಲೆಗೆ

ಕೊಚ್ಚಿಯ ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಪುಟ್ಟು ಬೇಯುವ ಕೊಳವೆ ಆವಿ ಬಿಡುತ್ತಿದೆ. ಜುಬೈದಾ ಒಂದು ಕೈಯಲ್ಲಿ ಹಾಲಿಲ್ಲದ ಕಟ್ಟನ್ ಚಾಯ ಹಿಡಿದು ಲ್ಯಾಪ್‌ಟಾಪ್ ನೋಡುತ್ತಾರೆ. ಕೊಚ್ಚಿ, ತಿರುವನಂತಪುರದ ಆಸ್ಪತ್ರೆಗಳಲ್ಲಿ ಟೋಕನ್ ಪಟ್ಟಿ ತೆರೆಯುವ ಹೊತ್ತು. ಪಟ್ಟಿ ಕುಸಿಯದೆ ನಿಂತರೆ ಅವರ ಕೆಲಸ ಆದಂತೆ. ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಅದೇ ತೊಂದರೆ.

ಪಟ್ಟಿ ಮಾಡುವ ಪ್ರೋಗ್ರಾಂ ಇರುವುದು ಓಕ್ಯಾಮಲ್ ಎಂಬ ಭಾಷೆಯಲ್ಲಿ. ಹೆಸರಲ್ಲೇ ಒಂಟೆ. ಕೊಚ್ಚಿ ಕಚೇರಿಯಲ್ಲಿ ಅದನ್ನು ಮೇಯಿಸುವವರು ಜುಬೈದಾ ಒಂಟಿ. ಕಾಸರಗೋಡಿನ ಕನ್ನಡ ಶಾಲೆ, ಕಳಮಶ್ಶೇರಿಯಲ್ಲಿ ಕಾಲೇಜು, ಆಮೇಲೆ ವರ್ಷವರ್ಷವೂ ನವೀಕರಣಕ್ಕೆ ಕಾಯುವ ಗುತ್ತಿಗೆ ನೌಕರಿ. ಬಾಲಬಡುಕರಿಗೆ ಬಡ್ತಿ ಸಿಗುವ ಕಚೇರಿಯಲ್ಲಿ ಇವರು ಪ್ರೋಗ್ರಾಂಗಳ ಬಾಲ, ಅಂದರೆ ಕೊನೆಯ ಹೆಜ್ಜೆ, ಸರಿಪಡಿಸುತ್ತಾರೆ.

ಅದೇನೆಂದು ಜುಬೈದಾ ವಿವರಿಸುತ್ತಾರೆ: “ಹಳೆ ಪ್ರೋಗ್ರಾಂ ಒಳಗೆ ಒಬ್ಬ ಮುಂದಿನವನಿಗೆ ‘ನೀನು ಮುಗಿಸಿ ಬಾ, ನಾನು ಕಾಯ್ತೇನೆ’ ಹೇಳಿ ಕೂತುಕೊಳ್ಳುದು. ಅವನು ಅವನ ಮುಂದಿನವನಿಗೂ ಹಾಗೇ ಹೇಳುದು. ಲಕ್ಷಗಟ್ಟಲೆ ದಾಖಲೆ ಹೀಗೆ ಕಾದು ಕೂತ್ರೆ ಜಾಗ ಎಲ್ಲುಂಟು ಮಾರಾಯ್ರೆ? ಪ್ರೋಗ್ರಾಂ ಬೀಳ್ತದೆ. ನಾನು ಮಾಡುದು ಇಷ್ಟೆ: ಆದ ಕೆಲಸ ಮುಂದಿನವನ ಕೈಗೆ ಕೊಡು, ನೀನು ಮನೆಗೆ ಹೋಗು. ಒಂದೇ ಕುರ್ಚಿ ಸಾಕು. ಹೀಗೆ ಮಾಡಿದ್ರೆ ಪಟ್ಟಿ ತಲೆಕೆಳಗಾಗಿ ಬರ್ತದೆ, ಕೊನೆಗೆ ಒಮ್ಮೆ ತಿರುಗಿಸಿ ಇಡ್ಬೇಕು. ಅದು ಮರೆತ್ರೆ ಮುಗೀತು.”

ಮರೆತದ್ದು ಇವರಲ್ಲ. ಕೊಚ್ಚಿಯ ಪಟ್ಟಿಯನ್ನು ಅವರು ಮೊದಲೇ ಸರಿಮಾಡಿದ್ದರು. ತಿರುವನಂತಪುರದ್ದಕ್ಕೂ ಅನುಮತಿ ಕೇಳಿದ್ದರು. ಮ್ಯಾನೇಜರ್ ಉತ್ತರವನ್ನು ಜುಬೈದಾ ಮೂಗಿನಲ್ಲೇ ನುಡಿದು ತೋರಿಸುತ್ತಾರೆ: “‘ಕೆಟ್ಟಿಲ್ಲದ್ದನ್ನು ಮುಟ್ಟುವುದೆಂತಕ್ಕೆ ಜುಬೈದಾ?’”

ಓಣಂ ರಜೆ ಮುಗಿದ ಮರುದಿನ ಜನ ಮುಗಿಬಿದ್ದು ಅದು ಕೆಟ್ಟಿತು, ಪಟ್ಟಿ ಕುಸಿಯಿತು. ಜುಬೈದಾ ರಜೆಯಲ್ಲಿದ್ದರು. ತಿರುವನಂತಪುರ ಕಚೇರಿಯ ಋತ್ವಿಕ್, ಮೈಸೂರಿನ ಹುಡುಗ, ಮ್ಯಾನೇಜರ್ ಅವಸರಪಡಿಸಿದಂತೆ ಜುಬೈದಾ ಕೊಚ್ಚಿಗೆ ಮಾಡಿದ್ದ ಪರಿಹಾರವನ್ನು ಅರ್ಧ ನಕಲು ಮಾಡಿದ. ತಿರುಗಿಸುವ ಸಾಲು ಬಿಟ್ಟುಹೋಯಿತು. ಪರೀಕ್ಷೆಗೆ ಹಾಕಿದ್ದು ಒಂದೇ ಹೆಸರು. ಒಬ್ಬರೇ ಇರುವ ಸರದಿಗೆ ಹಿಂದೇನು, ಮುಂದೇನು? ಎಲ್ಲವೂ ಸರಿಯಾಗಿಯೇ ಕಂಡಿತು.

ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸಿಗೆ ಬಂದವರು ಅಂದು ಸರದಿಯ ಕೊನೆಗೆ ಹೋದರು. ತಿಂಡಿ ಮುಗಿಸಿ ಔಷಧಿ ಬರೆಸಿಕೊಳ್ಳಲು ಬಂದವರ ಟೋಕನ್ ಮೊದಲು ಕೂಗಿದರು. ನೆಯ್ಯಾಟ್ಟಿನ್‌ಕರದ ಸಕ್ಕರೆ ಕಾಯಿಲೆಯ ಅಮ್ಮ ಒಬ್ಬರು ಬೆಂಚಿನಲ್ಲೇ ಕುಸಿದರು.

ಕಂಪನಿ ತನಿಖೆ ನಡೆಸಿತು. ‘ಕೊಚ್ಚಿಯ ಗುತ್ತಿಗೆ ನೌಕರರೊಬ್ಬರ ಲೋಪ’ ಎಂದು ಆಸ್ಪತ್ರೆಗೆ ಬರೆಯಿತು. ಬಿದ್ದ ಪಟ್ಟಿಯನ್ನು ಬೇಗ ಎತ್ತಿದ್ದಕ್ಕೆ ತಿರುವನಂತಪುರ ತಂಡಕ್ಕೆ ಪ್ರಶಸ್ತಿ ಕೊಟ್ಟಿತು. ಬೀಳಿಸಿದವರಿಗೆ ಬಿರುದು, ಬೀಳದಂತೆ ನೋಡಿದವರಿಗೆ ಬರೆ. ಇದನ್ನು ತನಿಖೆ ಎನ್ನುವುದಾದರೆ ಕಳ್ಳನ ಕೈಗೆ ಬೀಗದ ಕೀಲಿ ಕೊಡುವುದನ್ನು ಭದ್ರತೆ ಎನ್ನಬೇಕು.

ನಾವು ಕರೆ ಮಾಡಿದರೆ ಋತ್ವಿಕ್ ಫೋನಿನಲ್ಲಿ ತಡವರಿಸುತ್ತಾನೆ. “ನಾನೇ ಮಾಡಿದ್ದು ಅಂತ ಮೇಲ್ ಹಾಕಿದೀನಿ ಸರ್. ‘ನೀನು ಪರ್ಮನೆಂಟು, ಸುಮ್ನಿರು’ ಅಂದ್ರು ಮ್ಯಾನೇಜರ್. ಜುಬೈದಾಕ್ಕನ ಮುಖ ನೋಡಕ್ಕಾಗ್ತಿಲ್ಲ.”

ಈಗ ಜುಬೈದಾ ಮುಂದೆ ತಪ್ಪೊಪ್ಪಿಗೆಯ ಪತ್ರವಿದೆ. ಸಹಿ ಹಾಕಿದರೆ ನವೀಕರಣ, ಇಲ್ಲವಾದರೆ ಶನಿವಾರ ಕೊನೆಯ ದಿನ. “‘ಜಸ್ಟ್ ಫಾರ್ಮಾಲಿಟಿ ಅಲ್ವೇ’ ಹೇಳ್ತಾರೆ,” ಮತ್ತೆ ಅದೇ ಮೂಗು. ಸಹಿ ಹಾಕಿಲ್ಲ. ಆದರೂ ತಿರುವನಂತಪುರದ ಪ್ರೋಗ್ರಾಂನಲ್ಲಿ ಉಳಿದ ಹಳೆಯ ‘ಕಾದು ಕೂರುವ’ ಭಾಗಗಳನ್ನು ಈ ಬೆಳಿಗ್ಗೆಯೂ ಒಂದೊಂದಾಗಿ ಸರಿಮಾಡುತ್ತಿದ್ದಾರೆ. ಯಾಕೆಂದು ಕೇಳಿದರೆ ಪರದೆಯಿಂದ ಕಣ್ಣೆತ್ತದೆಯೇ ಹೇಳುತ್ತಾರೆ:

“ನಾನು ಹೋದ ಮೇಲೂ ಅಲ್ಲಿ ಜನ ಹಸಿದು ಕೂತಿರ್ತಾರಲ್ಲ. ಕ್ಷಮೆ ಕೇಳುದಕ್ಕೆ ನಂಗೆ ಬೇಸರ ಎಂತ ಇಲ್ಲ. ಆ ಬಿದ್ದ ಅಮ್ಮನ ಮನೆಗೇ ಹೋಗಿ ಕೇಳ್ತೇನೆ. ಆದ್ರೆ ಅಲ್ಲಿ ನಡೆದದ್ದು ನಡೆದ ಹಾಗೆ ಹೇಳ್ಬೇಕಾಗ್ತದೆ. ಮ್ಯಾನೇಜರೂ ನನ್ನ ಒಟ್ಟಿಗೆ ಬರಲಿ, ಅಷ್ಟೇ ಆಸೆ.”