ಒಂದೇ ಕಿವಿಗೆ ಬರುವ ಹಾಡು

ಅವರ ಬಲಗಿವಿ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಅಂಚಿನಲ್ಲಿ ನಾಲ್ಕಾರು ಬಿಳಿ ಕೂದಲು, ಹಿಂದೆ ಸಿಕ್ಕಿಸಿದ ಸಣ್ಣ ಸ್ಕ್ರೂಡ್ರೈವರ್. ಕೇಳಿಸುತ್ತಿರಲಿಲ್ಲ, ಅಷ್ಟೆ. ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ವಯಸ್ಸು ಕಳೆದು, ಯಂತ್ರದ ಸದ್ದಿಗೆ ಆ ಕಿವಿಯನ್ನು ಕೊಟ್ಟುಬಂದಿದ್ದರು. ಯಾರಾದರೂ ಮಾತಾಡಿಸಿದರೆ ಎಡಗಿವಿಯನ್ನು ಮುಂದೆ ತರಲು ಇಡೀ ಮೈಯನ್ನೇ ಹೊರಳಿಸುತ್ತಿದ್ದರು. ಹೊಸಬರಿಗೆ ಅದು ಮುಖ ತಿರುಗಿಸಿಕೊಂಡಂತೆ ಕಾಣುತ್ತಿತ್ತು. ಮೊದಲ ದಿನ ನನಗೂ ಹಾಗೇ ಅನಿಸಿತು.

ನಾನು ಅವರನ್ನು ಕರೆಯುತ್ತಿದ್ದುದು ಅಂಗಡಿಯಣ್ಣ ಎಂದು. ಹರಿಹರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮೊಬೈಲ್ ರಿಪೇರಿ, ಕರೆನ್ಸಿ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು. ನಾನು ಆಗ ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತರಗತಿಯಲ್ಲಿ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಯಾರ ಸಲುಗೆಯೂ ಇರಲಿಲ್ಲ. ಫೋನಿನ ಗಾಜು ಒಡೆದು ಅವರ ಅಂಗಡಿಗೆ ಹೋದಾಗ ಒಳಗೆ ಸಣ್ಣಗೆ ಒಂದು ಇಂಗ್ಲಿಷ್ ರಾಕ್ ಹಾಡು ಕೇಳಿಸುತ್ತಿತ್ತು. ಈ ಊರಿನಲ್ಲಿ ಆ ಬ್ಯಾಂಡನ್ನು ಕೇಳುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಈ ಹಾಡು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

ಅವರು ಮೈ ಹೊರಳಿಸಿ, "ನಿನಗ ಹೆಂಗ ಗೊತ್ತವ್ವ? ಅದನ್ನ ಮೊದಲು ಹೇಳು. ಕುಂದ್ರು," ಎಂದರು.

ಹೀಗೆ ಕೂತವಳು ಎರಡು ವರ್ಷ ಸಂಜೆಯ ಬಸ್ಸಿಳಿದು ಅಲ್ಲಿ ಕೂರುತ್ತಲೇ ಬಂದೆ. ಇನ್ನೊಂದು ಸ್ಟೂಲು ಅವರ ಗೆಳೆಯರದು. ಪಕ್ಕದ ಗುತ್ತೂರಿನವರು; ಅವರೂ ಅಂಗಡಿಯಣ್ಣನೂ ಹಿಂದೆ ಒಂದೇ ಯಂತ್ರದ ಮುಂದೆ ನಿಂತವರು. ಗುತ್ತೂರಿನವರು ಇನ್ನೂ ಅದೇ ಕಾರ್ಖಾನೆಯಲ್ಲಿದ್ದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾವುದಾದರೂ ಸಾಲು ಬಂದರೆ ಹಾಡು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ನಾನು ಅರ್ಥ ಹೇಳಿದರೆ ಅದು ಸಾಕಾಗುತ್ತಿರಲಿಲ್ಲ.

"ಇಷ್ಟೇನಾ? ಅಂವ ಅಷ್ಟು ಗಂಟ್ಲು ಹರ್ಕಂಡಿದ್ದು ಇದಕ್ಕನಾ?" ಎಂದು ಗುತ್ತೂರಿನವರು ಹೇಳಿದರೆ, "ನಿನ್ನ ಹೆಂಡ್ತಿ ಕೂಗಿದಾಗ ಅರ್ಥ ಕೇಳ್ತೀಯೇನಲೇ? ಸುಮ್ನೆ ಓಡ್ತೀಯ," ಎಂದು ಅಂಗಡಿಯಣ್ಣ ಬಾಯಿ ಮುಚ್ಚಿಸುತ್ತಿದ್ದರು. ಹಳೆಯ ಡ್ರಮ್ಮರ್ ಬಿಟ್ಟುಹೋದ ಮೇಲೆ ಬ್ಯಾಂಡಿನಲ್ಲಿ ಉಪ್ಪು ಉಳಿದಿದೆಯೋ ಇಲ್ಲವೋ ಎಂಬುದು ಮುಗಿಯದ ಜಗಳ. ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡೆಂದು ಅವರೂ ಒತ್ತಾಯಿಸುತ್ತಿರಲಿಲ್ಲ. ದಿನದಲ್ಲಿ ನಾನು ಒಬ್ಬಳೇ ಅಲ್ಲ ಎನಿಸುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಅಂಗಡಿಯಣ್ಣನದು ಒಂದು ಪದ್ಧತಿ ಇತ್ತು. ಇಂಥ ಹಾಡುಗಳಲ್ಲಿ ಒಂದು ಕಿವಿಗೆ ಒಂದು ಸದ್ದು, ಇನ್ನೊಂದಕ್ಕೆ ಬೇರೆ ಸದ್ದು ಬರುತ್ತದೆ. ಅವರು ಯಾವ ಹಾಡನ್ನು ಡೌನ್‌ಲೋಡ್ ಮಾಡಿದರೂ ಎರಡು ಬದಿಯನ್ನೂ ಬೆರೆಸಿ ಒಂದು ಮಾಡಿಯೇ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. "ಇಲ್ಲಾಂದ್ರ ನನಗ ಅರ್ಧ ಎಲೆಗೆ ಬಡಿಸಿ ಎಬ್ಬಿಸಿದಂಗ ಆಕ್ಕೈತವ್ವ." ಅವರ ಅಂಗಡಿಯಲ್ಲಿ ಕಾರ್ಡು ತುಂಬಿಸಿಕೊಂಡವರೆಲ್ಲ ಅವರ ಆ ಒಂದು ಕಿವಿಗೆ ಹೊಂದಿಸಿದ ಹಾಡನ್ನೇ ಕೇಳುತ್ತಿದ್ದರು. ಯಾರಿಗೂ ಅದು ಗೊತ್ತಿರಲಿಲ್ಲ.

ಬ್ಯಾಂಡಿನ ಹೊಸ ಆಲ್ಬಮ್ ಬಂದದ್ದು ಚುನಾವಣೆಯ ಬಿಸಿಯಲ್ಲಿ. ಗುತ್ತೂರಿನವರು ಮೊದಲ ಬಾರಿಗೆ ಅಂಗಡಿಗೆ ಕಾಯದೆ ತಮ್ಮ ಫೋನಿಗೇ ಇಳಿಸಿಕೊಂಡು ಕಾರ್ಖಾನೆಯಲ್ಲಿ ಕೇಳಿದ್ದರು. ಸಂಜೆ ಬಂದಾಗ ಮುಖ ಗಂಟು ಹಾಕಿಕೊಂಡಿತ್ತು. ಆಲ್ಬಮ್ಮಿನ ಕೊನೆಯ ಹಾಡು ರಾಜಕೀಯದ್ದು. ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆಯುವವರನ್ನು ಕುರಿಗಳು ಎಂದು ಹಂಗಿಸುತ್ತದೆ. ಅಷ್ಟು ಇಂಗ್ಲಿಷ್ ಗುತ್ತೂರಿನವರಿಗೂ ತಿಳಿಯುತ್ತಿತ್ತು; ಅಂಗಡಿಯಣ್ಣನಿಗೆ ಪೂರ್ತಿ ಅರ್ಥವನ್ನು ನಾನು ಮೊದಲೇ ಹೇಳಿದ್ದೆ. ಗುತ್ತೂರಿನವರು ಆ ತಿಂಗಳೆಲ್ಲ ಒಂದು ಪಕ್ಷದ ಬಾವುಟ ಹಿಡಿದು ಮನೆಮನೆ ತಿರುಗಿದ್ದರು.

"ಹಾಡೋರು ಹಾಡ್ಬೇಕು. ಭಾಷಣ ಇವರಿಗೆ ಯಾಕ?" ಎಂದರು.

"ಪೂರಾ ಕೇಳಿಯೇನಲೇ? ಬೈದಂವಗ ಅದರಾಗ ಉತ್ತರ ಐತಲ್ಲ. ನಮ್ಮ ಕೈಯಾಗ ಬಾವುಟ ಬಿಟ್ಟು ಮತ್ತೇನು ಉಳಿಸೀರಿ ಅಂತ ಕೇಳ್ತಾನಲ್ಲ. ತನ್ನನ್ನೇ ತಾನು ಬೈಕಂಡು, ತಾನೇ ಉತ್ತರ ಕೊಡ್ತಾನ."

"ಎಲ್ಲೈತೆ ಉತ್ತರ? ಹತ್ತು ಸಲ ಕೇಳೀನಿ. ಬೈಗುಳ ಬಿಟ್ರೆ ಮತ್ತೇನಿಲ್ಲ."

"ನಿನ್ನ ಕಿವಿ ನನಗಿಂತ ಕೆಟ್ಟಾವು ಬಿಡು."

ಅಂಗಡಿಯಣ್ಣ ನಗುತ್ತಲೇ ಹೇಳಿದ್ದರು. ಗುತ್ತೂರಿನವರು ನಗಲಿಲ್ಲ. "ಕದ್ದ ಹಾಡು ಮಾರಿ ಹೊಟ್ಟಿ ಹೊರಿಯೋನು ನೀನು. ನನಗ ನ್ಯಾಯ ಹೇಳಬ್ಯಾಡ," ಎಂದು ಎದ್ದರು.

ಅಂಗಡಿಯಣ್ಣ ಬಲಗಿವಿಯನ್ನು ಬಾಗಿಲ ಕಡೆ ಮಾಡಿ ಕೂತರು. ಅವತ್ತಿನಿಂದ ಆ ಸ್ಟೂಲಿನ ಮೇಲೆ ಗಿರಾಕಿಗಳು ಚೀಲ ಇಡತೊಡಗಿದರು. ಹೊಸ ಹಾಡು ಬಂದರೆ ಅಂಗಡಿಯಣ್ಣ ಅರ್ಥ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, "ಇಷ್ಟೇನಾ" ಎನ್ನಲು ಯಾರೂ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ನಾನು ಇಯರ್‌ಫೋನಿನ ಒಂದು ತುದಿಯನ್ನು ಮಾತ್ರ ಹಾಕಿಕೊಳ್ಳುತ್ತೇನೆ. ಒಬ್ಬಳೇ ಓಡಾಡುವ ಹುಡುಗಿಗೆ ಒಂದು ಕಿವಿ ಹೊರಗಿರಬೇಕು. ಹಿಂದಿನ ಸೀಟಿನಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕು. ಒಂದು ದಿನ ಅಂಗಡಿಯಣ್ಣನ ಕಾರ್ಡು ಮನೆಯಲ್ಲೇ ಉಳಿದಿತ್ತು. ಆ ಕೊನೆಯ ಹಾಡನ್ನು ನೇರ ಫೋನಿಗೆ ಇಳಿಸಿಕೊಂಡು ಕೇಳಿದೆ. ಬೈಗುಳ ಬಂತು. ಉತ್ತರ ಬರಲಿಲ್ಲ. ಇನ್ನೊಂದು ತುದಿಯನ್ನೂ ಸಿಕ್ಕಿಸಿದೆ. ಅಲ್ಲಿತ್ತು ಉತ್ತರ. ಅದೇ ಗಾಯಕನ ದನಿ, ಬೇರೆ ಕಿವಿಯಲ್ಲಿ.

ಇಳಿದವಳು ನೇರ ಅಂಗಡಿಗೆ ಹೋಗಿ, "ಅಣ್ಣಾ, ಗುತ್ತೂರಿನವರು ಕಾರ್ಖಾನೆಯಲ್ಲಿ ಹಾಡು ಕೇಳುವುದು ಹೇಗೆ?" ಎಂದು ಕೇಳಿದೆ.

"ಒಂದು ಕಿವಿಗೆ ಹಾಕ್ಕಂಡು. ಇನ್ನೊಂದು ಯಂತ್ರಕ್ಕೆ ಬೇಕಲ್ಲವ್ವ. ಸದ್ದು ಬದಲಾದ್ರ ಕೈ ಹೋದಂಗ." ಹೇಳುತ್ತ ಹೇಳುತ್ತ ಅವರೇ ನಿಂತುಬಿಟ್ಟರು. ಉತ್ತರ ಇನ್ನೊಂದು ಕಿವಿಗೆ ಬರುತ್ತದೆ ಎಂದೆ. "ಹಂಗಾರ ಅಂವ ಕೇಳಿದ್ದೂ ಖರೇನ," ಎಂದರು. ಆ ತಿಂಗಳುಗಳಲ್ಲಿ ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ.

ಬೆರೆಸಿದ ಹಾಡನ್ನು ಒಂದು ಹೊಸ ಕಾರ್ಡಿಗೆ ಹಾಕಿದರು. ಫೋನ್ ಮಾಡಿ ಎಂದೆ. "ಫೋನ್‌ನಾಗ ಹೇಳೋದಲ್ಲ ಇದು. ಭಾನುವಾರ ನಾನೇ ಗುತ್ತೂರಿಗೆ ಹೊಕ್ಕೀನಿ," ಎಂದು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ತಟ್ಟಿಕೊಂಡರು.

ಶುಕ್ರವಾರ ಅಂಗಡಿಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣಿನ ದಿನ ಗುತ್ತೂರಿನವರು ಬಂದು ದೂರದಲ್ಲೇ ನಿಂತಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ, ಅಂಗಡಿಯಣ್ಣನ ಹೆಂಡತಿ, ಜೇಬಿನಲ್ಲಿದ್ದ ಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಭಾನುವಾರ ಗುತ್ತೂರಿಗೆ ಅಂತಿದ್ರು," ಎಂದಷ್ಟೇ ಹೇಳಿದರು. ನಾನು ಗುತ್ತೂರಿನವರನ್ನು ಅಂಗಡಿಗೆ ಕರೆಸಿದೆ. ಅಕ್ಕ ಶಟರ್ ಎತ್ತಿದರು. ಅವರು ತಮ್ಮ ಸ್ಟೂಲಿನ ಮೇಲೆ ಕೂತು, ಅಭ್ಯಾಸದಂತೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡರು. ನಾನು ತಡೆಯಲಿಲ್ಲ. ಹಾಡಿನ ಒಂದು ಸಾಲಿಗೆ ಅವರ ತಲೆ ಸರಕ್ಕನೆ ಮೇಲೆದ್ದಿತು. ಹಾಡನ್ನು ಹಿಂದೆ ತಿರುಗಿಸಿ ಮತ್ತೆ ಕೇಳಿದರು.

"ಐತಲ್ಲೋ," ಎಂದರು. ನನಗೆ ಹೇಳಿದ್ದಲ್ಲ. ಅಂಗಡಿಯಣ್ಣನ ಖಾಲಿ ಕುರ್ಚಿಯ ಎಡಗಡೆಗೆ ಬಾಗಿ, ಅವರ ಕಿವಿ ಇರುತ್ತಿದ್ದ ಎತ್ತರಕ್ಕೆ ಬಾಯಿಟ್ಟು, ಇನ್ನೊಮ್ಮೆ ಜೋರಾಗಿ, "ಉತ್ತರ ಐತಲ್ಲೋ, ಮಾರಾಯ," ಎಂದರು.

ಈಗ ಅಲ್ಲಿ ಬೇಕರಿ ಇದೆ. ನಾನು ದಾವಣಗೆರೆಯಲ್ಲೇ ಕೆಲಸದಲ್ಲಿದ್ದೇನೆ, ಅದೇ ಬಸ್ಸಿನಲ್ಲಿ ಬರುತ್ತೇನೆ. ಹಾಡಿನ ಅರ್ಥ ಯಾರೂ ಕೇಳುವುದಿಲ್ಲ. ಕಿಟಕಿಯ ಪಕ್ಕ ಕೂತು ಅವರ ಕಾರ್ಡಿನ ಹಾಡು ಹಾಕಿ, ಒಂದು ಕಿವಿಯನ್ನು ಹೊರಗೆ ಬಿಡುತ್ತೇನೆ. ಬೈಗುಳವೂ ಬರುತ್ತದೆ, ಉತ್ತರವೂ ಬರುತ್ತದೆ.