ಧನಲಕ್ಷ್ಮಿ ರೋಲರ್ ಹತ್ತಿದ ದಿನ

ಭದ್ರಾವತಿಯ ಹಳೇನಗರದ ಧನಲಕ್ಷ್ಮಿ ಮದುವೆಯಾದಾಗಿನಿಂದ ರಸ್ತೆ ಕೆಲಸದಲ್ಲೇ ಇದ್ದವಳು. ಜಲ್ಲಿ ಹೊತ್ತಳು, ಡಾಂಬರು ಬೀಳುವ ಮೊದಲು ರಸ್ತೆಯ ಧೂಳು ಗುಡಿಸಿದಳು. ಕಣ್ಣು ಮಾತ್ರ ಯಾವಾಗಲೂ ರೋಲರ್ ಮೇಲೆ. ಊಟದ ಹೊತ್ತಲ್ಲಿ ಡ್ರೈವರ್ ಪರಮೇಶ್ವರಪ್ಪನ ಬೆನ್ನು ಬಿದ್ದು ಓಡಿಸೋದು ಕಲಿತಳು. ಹೋದ ವರ್ಷ ಲೈಸೆನ್ಸೂ ಬಂತು. ರೋಲರ್ ಓಡಿಸೋ ಕೆಲಸ ಮಾತ್ರ ಯಾರೂ ಕೊಡಲಿಲ್ಲ.

ಈ ಮೇ ತಿಂಗಳಲ್ಲಿ ಮಾಚೇನಹಳ್ಳಿಯ ಫ್ಯಾಕ್ಟರಿಗಳ ನಡುವಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಟಿಪ್ಪರ್ ತಂದ, ಹೊಗೆಯಾಡುತ್ತಿದ್ದ ಜಲ್ಲಿ-ಡಾಂಬರಿನ ಬಿಸಿ ಮಿಕ್ಸನ್ನು ಯಂತ್ರ ಹರಡಿತ್ತು. ಅಷ್ಟರಲ್ಲಿ ರೋಲರ್‌ನಿಂದ ಇಳಿದ ಪರಮೇಶ್ವರಪ್ಪ ಕಾಲು ಉಳುಕಿ ಕೂತುಬಿಟ್ಟ. ಮೇಲೆ ಮೋಡ, ತಣ್ಣನೆ ಗಾಳಿ.

ಮೇಸ್ತ್ರಿ ರುದ್ರೇಶ್ ತಲೆ ಮೇಲೆ ಕೈ ಹೊತ್ತ. "ಮಿಕ್ಸ್ ಆರಿದ್ರೆ ಆಮೇಲೆ ಎಷ್ಟು ಒತ್ತಿದ್ರೂ ಬಿಗಿಯಾಗಲ್ಲ. ನೀರು ಇಳಿದು ಮಳೆಗಾಲದಲ್ಲೇ ಗುಂಡಿ ಬೀಳುತ್ತೆ!"

"ನಾನು ಓಡಿಸ್ತೀನಿ," ಅಂದಳು ಧನಲಕ್ಷ್ಮಿ.

ರುದ್ರೇಶ್ ಅನುಮಾನದಿಂದ ಎಂಜಿನಿಯರ್ ಹೇಮಶ್ರೀ ಕಡೆ ನೋಡಿದ. ಮಿಕ್ಸ್‌ನೊಳಗೆ ಥರ್ಮಾಮೀಟರ್ ಚುಚ್ಚಿದ್ದ ಹೇಮಶ್ರೀ, "ಲೈಸೆನ್ಸ್ ಇದೆಯಲ್ಲ? ಹತ್ತಿ! ಇನ್ನೂ ಬಿಸಿ ಇದೆ, ಆದ್ರೆ ಜಾಸ್ತಿ ಹೊತ್ತಿರಲ್ಲ," ಅಂದಳು.

ಧನಲಕ್ಷ್ಮಿ ಸೆರಗು ಸಿಕ್ಕಿಸಿ ಹತ್ತಿದಳು. ರೋಲರ್ ಗುಡುಗುತ್ತಾ ಮುಂದೆ ಹೋಯಿತು.

"ಅಂಚಿಂದ ಮಧ್ಯಕ್ಕೆ ಬಾ!" ಪರಮೇಶ್ವರಪ್ಪ ಕೂತಲ್ಲಿಂದಲೇ ಕೂಗಿದ. "ಬಿಸಿ ಡಾಂಬರಿನ ಮೇಲೆ ನಿಲ್ಲಿಸ್ಬೇಡ, ಗುಂಡಿಯಾಗುತ್ತೆ!"

ಇದ್ದಕ್ಕಿದ್ದಂತೆ ರೋಲರ್‌ನ ಕಬ್ಬಿಣದ ಉರುಳೆಗೆ ಡಾಂಬರು ಮೆತ್ತಿಕೊಂಡು ಸಿಪ್ಪೆಯಂತೆ ಏಳತೊಡಗಿತು.

"ನೀರು, ಮಾರಾಯ್ತಿ! ಉರುಳೆಗೆ ನೀರು ಬಿಡು!" ಪರಮೇಶ್ವರಪ್ಪ ಮತ್ತೆ ಕೂಗಿದ.

ಗಾಬರಿಯಲ್ಲಿ ಮರೆತೇ ಹೋಗಿತ್ತು! ನೀರು ಬಿಟ್ಟಳು. ರುದ್ರೇಶ್ ಓಡಿಬಂದು ಎದ್ದ ಕಡೆ ಬಿಸಿ ಮಿಕ್ಸ್ ಸುರಿದು ತುಂಬಿದ. ಅವಳು ಮತ್ತೆ ಮುಂದೆ, ಹಿಂದೆ, ಪಟ್ಟಿ ಪಟ್ಟಿಯಾಗಿ ಒತ್ತುತ್ತಾ ಬಂದಳು. ಮೊದಲು ಎದ್ದು ಕಾಣುತ್ತಿದ್ದ ಉರುಳೆಯ ಗೆರೆಗಳು ಒಂದೊಂದೇ ಮಾಯವಾದವು. ಕೊನೆಯ ಸುತ್ತು ಮುಗಿಸಿ ಇಳಿಯುವಷ್ಟರಲ್ಲಿ ದಪ್ಪ ಹನಿಗಳು ಬಿದ್ದು, ರಸ್ತೆ ಪೂರ್ತಿ ಆವಿಯೆದ್ದಿತು. ಧನಲಕ್ಷ್ಮಿ ಮಳೆಯಲ್ಲೇ ನಿಂತು ಜೋರಾಗಿ ನಕ್ಕಳು.

ಮರುದಿನ ಡಾಂಬರು ಎಷ್ಟು ಬಿಗಿಯಾಗಿದೆ ಅಂತ ನೋಡೋಕೆ ರಸ್ತೆಯಿಂದ ದುಂಡನೆ ಬಿಲ್ಲೆ ಕೊರೆದು ಪರೀಕ್ಷೆಗೆ ಒಯ್ದರು. ಸಂಜೆ ಹೇಮಶ್ರೀ ಫೋನ್ ಮಾಡಿದಳು. "ಧನಲಕ್ಷ್ಮಿಯವರೇ, ಪಾಸ್! ಚೆನ್ನಾಗಿ ಬಿಗಿಯಾಗಿದೆ."

ಒಲೆ ಮುಂದೆ ಕೂತಿದ್ದ ಧನಲಕ್ಷ್ಮಿ ಎದ್ದು, ಅತ್ತೆ ಲಿಂಗಮ್ಮನ ಎರಡೂ ಕೈ ಹಿಡಿದು ಕುಣಿಸಿಬಿಟ್ಟಳು.

"ಬಿಡೇ, ಸೊಂಟ ಹೋಯ್ತು!" ಅಂತ ಮುದುಕಿಯೂ ನಕ್ಕಳು.

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ರುದ್ರೇಶ್. "ಅಕ್ಕಾ, ಸೋಮವಾರದಿಂದ ಸೋಗಾನೆ ಕಡೆ ಕೆಲಸ. ಬೆಳಿಗ್ಗೆ ಬೇಗ ಬಂದು ರೋಲರ್ ತಗೊಂಡು ಹೊರಡು."